ನೆತ್ತಿ ಕೊಟ್ಟ ಟಾಪು

ಕಾಡು ಕಾಯುವ ಸಾಹೇಬರ ಜೀಪಿಗೆ ಮೆಕ್ಯಾನಿಕ್ ಬಾಬಾಜಾನ್ ವಯರ್‌ಲೆಸ್ ಸೆಟ್ಟು ಕೂರಿಸುತ್ತಿದ್ದ. ಏಳು ಮಳೆಗಾಲ ಒಂದು ಹನಿಯನ್ನೂ ಒಳಗೆ ಬಿಡದ ಜೀಪಿನ ಟಾಪು, "ನನಗೆ ತೂತು ಬೇಡಪ್ಪ" ಎಂದದ್ದಕ್ಕೆ ಅವನು ಆಂಟೆನಾವನ್ನು ಬಂಪರಿಗೇ ಬಿಗಿದ. ಅಷ್ಟರಲ್ಲಿ ಗುಡ್ಡದಾಚೆ ಹೊಗೆ ಎದ್ದಿತು. ಅಲ್ಲಿ ಕಾವಲುಗಾರ ಜಡೆಯ ಕೈಸೆಟ್ಟು ಹಿಡಿದು ಒಬ್ಬನೇ ಇದ್ದ. ಸಾಹೇಬರು ಎಷ್ಟು ಕರೆದರೂ ಜೀಪಿನ ಸೆಟ್ಟಿನಲ್ಲಿ ಬರೀ ಗೊರಗೊರ ಸದ್ದು.

"ಅವನು ಕೂಗುತ್ತಲೇ ಇದ್ದಾನು, ತಾಯಿ. ಇಷ್ಟು ಕೆಳಗೆ ನಿಂತರೆ ಆ ದನಿ ನನಗೆ ಎಟುಕುವುದಿಲ್ಲ," ಎಂದಿತು ಆಂಟೆನಾ, ಟಾಪಿಗೆ.

ಟಾಪು, "ಬಾಬಾಜಾನ್, ನನ್ನ ನೆತ್ತಿಯ ನಡುಮಧ್ಯಕ್ಕೇ ಕೊರೆ," ಎಂದಿತು.

"ತೂತಾದ ಟಾಪನ್ನು ಯಾರಕ್ಕ ಮೆಚ್ಚುತ್ತಾರೆ? ಮಳೆ ಬಂದರೆ ಸಾಹೇಬರ ಟೋಪಿ ನೆನೆಯುತ್ತದೆ," ಎಂದು ಬಂಪರು ಚುಚ್ಚಿತು.

"ನೆನೆದ ಟೋಪಿ ಒಣಗುತ್ತದಪ್ಪ. ಬೆಂದ ಮನುಷ್ಯ ಮರಳುತ್ತಾನೆಯೇ?"

ಡ್ರಿಲ್ಲು ಇಳಿಯಿತು. ಟಾಪು ಒಮ್ಮೆ ಶಿವಾ ಎಂದಿತು, ಅಷ್ಟೇ. ಆಂಟೆನಾ ಮೇಲೇರಿ ನಿಂತದ್ದೇ ತಡ, ಸೆಟ್ಟಿನಲ್ಲಿ ದನಿ ಬಂತು: "ಸ್ವಾಮೀ, ನಾನು ಜಡೆಯ. ಹಳ್ಳದ ಬಂಡೆ ಮೇಲಿದ್ದೀನಿ. ಮೂಡಣ ದಾರೀಲಿ ಬನ್ನಿ, ಅಲ್ಲಿನ್ನೂ ಬೆಂಕಿ ಇಲ್ಲ."

ಸಾಹೇಬರು ಜೀಪನ್ನು ಆ ದಾರಿಗೇ ತಿರುಗಿಸಿದರು. ಸಂಜೆ ಜೀಪು ಮರಳಿ ಬಂದಾಗ, ಮೈಯೆಲ್ಲ ಬೂದಿ ಮೆತ್ತಿದ ಜಡೆಯ ಅದೇ ಟಾಪಿನ ಕೆಳಗೆ ಕೂತು ನೀರು ಕುಡಿಯುತ್ತಿದ್ದ.