ಹನಿ ಕೇಕ್ ಸೋತ ಸಂಜೆ

ತಿಪಟೂರಿನಲ್ಲಿ ಮರುಳಸಿದ್ದಪ್ಪ ಎಂಬ ಕೊಬ್ಬರಿ ವ್ಯಾಪಾರಿ ಇದ್ದ. ಮಂಡಿಯಲ್ಲಿ ಹರಾಜು ಕೂಗಿ ಕೂಗಿ ಅವನ ಗಂಟಲು ಕಂಚಿನ ಗಂಟೆಯಂತಾಗಿತ್ತು. ಅದೇ ಗಂಟಲನ್ನು ಅವನು ಸಂಜೆ ಸ್ಟೇಷನ್ ರಸ್ತೆಯ ಬೇಕರಿಗೂ ತರುತ್ತಿದ್ದ. ವಾದದಲ್ಲಿ ಸೋತು ಮನೆಗೆ ಹೋದವನಲ್ಲ.

ಬೇಕರಿ ತಿರುನಾರಾಯಣ ಅಯ್ಯಂಗಾರರದು. ಸಂಜೆ ಅಲ್ಲಿ ಒಂದಷ್ಟು ಜನ ಸೇರುವರು, ಟೀ ಕುಡಿಯುವರು. ಆಮೇಲೆ ದಿನವೂ ಒಂದೇ ಚರ್ಚೆ. ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಕೂತ ಸಿಹಿಗಳಲ್ಲಿ ಯಾವುದು ಶ್ರೇಷ್ಠ? ಕಾಲೇಜಿನಲ್ಲಿ ಪಾಠ ಹೇಳುವ ವಸುಂಧರಾ ಮೇಡಂ ದಿಲ್‌ಪಸಂದ್ ಪಕ್ಷ. ಹೂವಿನ ಅಂಗಡಿಯ ಜಬೀನಾ ಖೋವಾ ಬನ್ ಪಕ್ಷ. ಮರುಳಸಿದ್ದಪ್ಪ ಡೋನಟ್ ಪಕ್ಷ. ದರ್ಜಿ ಚನ್ನಬೋರಯ್ಯ ಹನಿ ಕೇಕ್ ಪಕ್ಷ.

ಡೋನಟ್ ಆ ಬೇಕರಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಹೊಂಬಣ್ಣಕ್ಕೆ ಕರಿದು, ಮೇಲೊಂದು ಪದರ ಚಾಕೊಲೇಟ್ ಅದ್ದಿ ಇಟ್ಟ ಆ ಬಳೆಯನ್ನು ಮೊದಲ ಸಲ ಕಚ್ಚಿದಾಗಲೇ ಮರುಳಸಿದ್ದಪ್ಪ ಅದಕ್ಕೆ ಮನಸೋತಿದ್ದ. ಉದ್ದಿನ ವಡೆಗೆ ತೂತಿದೆ, ಕೋಡುಬಳೆಗೆ ತೂತಿದೆ, ನಡುವೆ ತೂತಿರುವ ತಿಂಡಿ ಯಾವುದೂ ಕೆಟ್ಟದ್ದಿಲ್ಲ ಎಂಬುದು ಅವನ ಸಿದ್ಧಾಂತ. ನಮ್ಮನೆ ಬಿಂದಿಗೆಗೂ ತೂತಿದೆ, ಬಂದು ನೋಡಿ ಎಂದು ಜಬೀನಾ ಹಂಗಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಆದರೆ ನಿಜವಾದ ಕುಸ್ತಿ ಅವನಿಗೂ ಚನ್ನಬೋರಯ್ಯನಿಗೂ. ಹನಿ ಕೇಕ್ ಅಂದರೆ ಗೊತ್ತಲ್ಲ, ಪಾಕದಲ್ಲಿ ನೆಂದ ಹಳದಿ ಕೇಕು, ಮೇಲೆ ಕೆಂಪು ಜಾಮು, ಅದರ ಮೇಲೆ ಉದುರಿಸಿದ ಕೊಬ್ಬರಿ ಪುಡಿ. ಕೊಬ್ಬರಿ ವ್ಯಾಪಾರ ಮಾಡಿಕೊಂಡು ಕೊಬ್ಬರಿ ಇರುವ ತಿಂಡಿಯನ್ನೇ ಜರೆಯುತ್ತೀರಲ್ಲ, ಇದು ಅನ್ನ ಕೊಟ್ಟ ದೇವರಿಗೆ ಮಾಡುವ ದ್ರೋಹ ಎಂದು ಬೋರಯ್ಯ ನಗುತ್ತ ಹೇಳುವನು. ಒದ್ದೆ ಅರಿವೆ ಅಗಿದ ಹಾಗಿರುತ್ತೆ ನಿನ್ನ ಕೇಕು ಎಂದು ಇವನು ಹೇಳುವನು. ಅದನ್ನು ಅಗಿಯುವುದೇ ಬೇಡ, ಬಾಯಲ್ಲಿಟ್ಟರೆ ತಾನಾಗಿಯೇ ಇಳಿಯುತ್ತದೆ, ಅದೇ ಅದರ ದೊಡ್ಡತನ ಎಂದು ಬೋರಯ್ಯ. ಕೊನೆಗೆ ಅವನು ಒಂದು ಹನಿ ಕೇಕ್ ಪೊಟ್ಟಣ ಕಟ್ಟಿಸಿಕೊಂಡು ಎದ್ದು ಹೋಗುವನು. ಮರುದಿನ ಮತ್ತೆ ಅದೇ ವಾದ.

ಒಂದು ಶನಿವಾರ ಮರುಳಸಿದ್ದಪ್ಪನಿಗೆ ಇದನ್ನು ಮುಗಿಸಿಯೇ ಬಿಡಬೇಕು ಅನ್ನಿಸಿತು. ಕೈ ಎತ್ತಿಸಿ ತೀರ್ಮಾನ ಮಾಡೋಣ ಎಂದ. ಮಂಡಿಯಿಂದ ತನ್ನ ಜೊತೆಯವರನ್ನೆಲ್ಲ ಕರೆದು ತಂದಿದ್ದ. ಡೋನಟ್ ಎಂದಾಗ ಬೇಕರಿಯ ತುಂಬ ಕೈಗಳು. ಹನಿ ಕೇಕ್ ಎಂದಾಗ ಬೋರಯ್ಯನದೊಂದೇ ಕೈ.

ಅಲ್ಲಿಗೆ ಬಿಟ್ಟಿದ್ದರೆ ಅದೊಂದು ತಮಾಷೆ ಆಗಿ ಮುಗಿಯುತ್ತಿತ್ತು. ಗೆದ್ದ ಅಮಲು ಯಾರನ್ನು ಸುಮ್ಮನಿರಿಸುತ್ತದೆ? ಯಾರಿಗೂ ಬೇಡದ ತಿಂಡಿಯನ್ನು ಯಾಕೆ ಮಾಡುತ್ತೀರಿ, ಅದನ್ನು ನಿಲ್ಲಿಸಿ ಡೋನಟ್ಟನ್ನೇ ಹೆಚ್ಚು ಮಾಡಿ ಎಂದು ಅವನು ಅಯ್ಯಂಗಾರರ ಬೆನ್ನು ಹತ್ತಿದ. ಅಯ್ಯಂಗಾರರಿಗೂ ಕೆಲಸದವರ ಕೊರತೆ. ಪಾಕ ಕಾಸಿ ಕೇಕ್ ನೆನೆಹಾಕುವ ಕೈಯೂ ಡೋನಟ್ ಕರಿಯುವ ಕೈಯೂ ಒಂದೇ. ಆಗಲಿ ಎಂದರು.

ಬೋರಯ್ಯ ಮೆಲ್ಲಗೆ, "ಒಂದು ಸಣ್ಣ ಟ್ರೇ ಆದ್ರೂ ಇರ್ಲಿ ಸ್ವಾಮಿ," ಎಂದ.

"ಸೋತವರಿಗೆ ಟ್ರೇ ಎಲ್ಲಿಂದ ಬಂತಯ್ಯಾ," ಎಂದ ಮರುಳಸಿದ್ದಪ್ಪ, "ಹಲ್ಲಿಲ್ಲದವರು ತಿನ್ನೋ ತಿಂಡಿ ಅದು."

ಬೇಕರಿಯೆಲ್ಲ ಘೊಳ್ಳೆಂದು ನಕ್ಕಿತು. ಬೋರಯ್ಯನೂ ಸ್ವಲ್ಪ ನಕ್ಕ. ಉಳಿದ ಟೀಯನ್ನು ಕುಡಿಯದೆ ಲೋಟ ಕೆಳಗಿಟ್ಟು ಹೊರಟ. ಆಮೇಲೆ ಅವನು ಬೇಕರಿಯ ಕಡೆ ಬರಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ಹನಿ ಕೇಕ್ ಇದ್ದ ಜಾಗಕ್ಕೂ ಡೋನಟ್ ಬಂತು. ಮೊದಮೊದಲು ಮರುಳಸಿದ್ದಪ್ಪ ಅದನ್ನು ನೋಡಿ ಮೀಸೆ ತಿರುವಿದ. ಬರಬರುತ್ತ ಸಂಜೆಗಳು ಸಪ್ಪೆಯಾದವು. ಡೋನಟ್ ಒಳ್ಳೆಯದು ಎಂದರೆ ಹೌದು ಎನ್ನುವವರೇ ಎಲ್ಲ. ಹೌದು ಎಂದ ಮೇಲೆ ಮಾತು ಎಲ್ಲಿ ಮುಂದಕ್ಕೆ ಹೋಗುತ್ತದೆ? ಒಂದು ಕೇಕಿಗಾಗಿ ಇಷ್ಟು ಮುನಿಸೇ ಎಂದು ಅವನು ಬೋರಯ್ಯನನ್ನು ಮನಸ್ಸಿನಲ್ಲೇ ಬಯ್ದುಕೊಂಡ. ಕಡೆಗೆ ತಾನೇ ಹೋಗಿ ರಮಿಸಿ ಕರೆತರೋಣ ಎಂದು ಒಂದು ಭಾನುವಾರ ಬೆಳಿಗ್ಗೆ ಡಬ್ಬಿ ತುಂಬ ಡೋನಟ್ ಕಟ್ಟಿಸಿಕೊಂಡು ಅವನ ಮನೆ ಹುಡುಕಿಕೊಂಡು ಹೊರಟ. ಡಬ್ಬಿಯನ್ನು ಮುಂದಿಟ್ಟು ಹೇಗೆ ಕೆಣಕಬೇಕು ಎಂಬುದನ್ನೂ ದಾರಿಯಲ್ಲಿ ಯೋಚಿಸಿಟ್ಟುಕೊಂಡಿದ್ದ.

ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಅದರ ಪಕ್ಕ ಒಂದು ಮಂಚ. ಮಂಚದ ಮೇಲೆ ದಿಂಬಿಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ ಅವಳ ಸೀರೆ ಕೂತಿತ್ತು ಎನ್ನಬೇಕು, ಮೈ ಅಷ್ಟು ಇಳಿದುಹೋಗಿತ್ತು. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಬೋರಯ್ಯ ಎದುರಿಗೆ ಸ್ಟೂಲಿನ ಮೇಲೆ ಕೂತು ಹಾಲಿನಲ್ಲಿ ನೆಂದ ಬ್ರೆಡ್ಡನ್ನು ಚಮಚದಲ್ಲಿ ಅರೆದು ಅರೆದು ಅವಳ ಬಾಯಿಗೆ ಹಿಡಿಯುತ್ತಿದ್ದ. ಅವಳು ಒಂದು ತುತ್ತು ನುಂಗಲು ಹೋಗಿ ಕಣ್ಣು ಮುಚ್ಚಿದಳು. ಮುಖವೆಲ್ಲ ಹಿಂಡಿಕೊಂಡಿತು. ತಲೆ ಆಡಿಸಿ ಬೇಡ ಎಂದಳು.

ಮರುಳಸಿದ್ದಪ್ಪ ಹೊಸ್ತಿಲಲ್ಲೇ ನಿಂತ. ಬೋರಯ್ಯ ಅವನನ್ನು ಕಂಡು ಗಡಬಡಿಸಿ ಎದ್ದ, ಬನ್ನಿ ಎಂದ, ಹೊಲಿಗೆ ಬಟ್ಟೆಗಳನ್ನು ಸರಿಸಿ ಜಾಗ ಮಾಡಿದ. ಇವಳು ನನ್ನ ಹೆಂಡತಿ ಕೆಂಪಲಕ್ಷ್ಮಮ್ಮ ಎಂದು ಪರಿಚಯ ಹೇಳಿದ. ದಿನಾ ಸಂಜೆ ಜೊತೆಗೆ ಕೂತು ನಕ್ಕ ಮನುಷ್ಯನ ಹೆಂಡತಿಯ ಹೆಸರು ಮರುಳಸಿದ್ದಪ್ಪನಿಗೆ ಅವತ್ತು ತಿಳಿಯಿತು.

ಅವನು ಕೇಳಿದ್ದಕ್ಕೆ ಬೋರಯ್ಯ ಒಂದೊಂದಾಗಿ ಹೇಳಿದ. ಎರಡು ವರ್ಷದ ಹಿಂದೆ ಅವಳ ಗಂಟಲಲ್ಲಿ ಗೆಡ್ಡೆ ಕಂಡಿತ್ತು. ಆಪರೇಷನ್ ಆಯಿತು, ರೇಡಿಯೇಷನ್ ಕರೆಂಟ್ ಕೊಡಿಸಿದ್ದೂ ಆಯಿತು. ಕಾಯಿಲೆ ಹೋಯಿತು ಎಂದರು ಡಾಕ್ಟರು. ಆದರೆ ನುಂಗುವ ದಾರಿ ಸುಟ್ಟು ಕಿರಿದಾಗಿತ್ತು. ಗಂಜಿ ಕಂಡರೆ ವಾಕರಿಕೆ. ಏನು ಕೊಟ್ಟರೂ ಸಿಕ್ಕಿಹಾಕಿಕೊಳ್ಳುವುದು. ಹೀಗಿರುವಾಗ ಒಂದು ದಿನ ಹನಿ ಕೇಕನ್ನು ಮೇಲಿನ ಕೊಬ್ಬರಿ ಕೆರೆದು ಹಾಲಿಗೆ ಹಾಕಿ ಕೊಟ್ಟಾಗ ನೋವಿಲ್ಲದೆ ಇಳಿಯಿತು. ಅವತ್ತಿನಿಂದ ದಿನವೂ ಅದೇ. ಅದು ನಿಂತ ಮೇಲೆ ಬಸ್‌ಸ್ಟ್ಯಾಂಡಿನ ಅಂಗಡಿಯದು ತಂದ, ತುರುವೇಕೆರೆಯಿಂದಲೂ ತರಿಸಿದ. ಯಾವುದೂ ಅಷ್ಟು ಮೆತ್ತಗಿರಲಿಲ್ಲ. ಈಗ ಅವಳು ತಿನ್ನುವುದನ್ನೇ ಬಿಡುತ್ತಿದ್ದಾಳೆ. ಹೀಗೇ ಹೋದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದಾರೆ.

ಹಲ್ಲಿಲ್ಲದವರು ತಿನ್ನೋ ತಿಂಡಿ ಎಂದ ತನ್ನ ಮಾತು, ಆ ನಗು, ಎಲ್ಲ ಮರುಳಸಿದ್ದಪ್ಪನ ಕಿವಿಯಲ್ಲಿ ಕೇಳಿಸಿತು. ತಾನು ಸೋಲಿಸಿದ್ದು ಕೇಕನ್ನಲ್ಲ. ಒಂದು ಜೀವದ ತುತ್ತನ್ನು ಬಾಯಿಂದ ಕಿತ್ತಿದ್ದ, ಅದಕ್ಕೆ ಮೀಸೆಯನ್ನೂ ತಿರುವಿದ್ದ.

"ಅವತ್ತೇ ಒಂದು ಮಾತು ಹೇಳಬಾರದಿತ್ತೇನಯ್ಯಾ ಬೋರಯ್ಯ," ಎಂದ. ಹರಾಜಿನ ಗಂಟಲಿನಿಂದ ಪಿಸುಮಾತಷ್ಟೇ ಹೊರಬಂತು.

ಬೋರಯ್ಯ ಬಟ್ಟಲನ್ನು ನೋಡುತ್ತ ಹೇಳಿದ. "ಮನೇಲಿ ಹೊತ್ತು ಹೊತ್ತಿಗೂ ಕಾಯಿಲೆ ಮಾತೇ ಯಜಮಾನ್ರೆ. ಬೇಕರೀಲಿ ಅದೊಂದು ಗಳಿಗೆ ಮಾತ್ರ ನಾನು ಬರೀ ತಿಂಡಿ ಮಾತಾಡ್ತಿದ್ದೆ. ಅಲ್ಲಿಗೂ ಇದನ್ನ ತರೋಕೆ ಮನಸ್ಸು ಬರಲಿಲ್ಲ."

ಚಮಚವನ್ನು ಬಟ್ಟಲಿಗಿಟ್ಟು ಮತ್ತೆ ಹೇಳಿದ. "ಇನ್ನೊಂದು ಹೇಳ್ತೀನಿ, ನಗಬೇಡಿ. ನಾನು ಹನಿ ಕೇಕ್ ತಿಂದೇ ಇಲ್ಲ. ಒಂದು ಚೂರೂ ಬಾಯಿಗೆ ಹಾಕಿಲ್ಲ."

ಮರುಳಸಿದ್ದಪ್ಪ ಬಿಟ್ಟ ಕಣ್ಣು ಬಿಟ್ಟಂತೆ ಕೂತ. ವರ್ಷವಿಡೀ ಊರಿನ ಎದುರು ಒಬ್ಬನೇ ನಿಂತು, ಲೋಕದಲ್ಲಿ ಇದಕ್ಕಿಂತ ರುಚಿ ಇನ್ನೊಂದಿಲ್ಲ ಎಂದು ವಾದಿಸಿದವನು ಅದರ ರುಚಿಯನ್ನೇ ನೋಡಿರಲಿಲ್ಲ. ಆ ಕೇಕನ್ನು ನುಂಗುವಾಗ ಅವಳ ಮುಖ ಹಿಂಡಿಕೊಳ್ಳುತ್ತಿರಲಿಲ್ಲ. ಅಷ್ಟೇ ಅವನು ಕಂಡ ರುಚಿ.

ಡೋನಟ್ ಡಬ್ಬಿಯನ್ನು ಅಲ್ಲೇ ಮರೆತು ಮರುಳಸಿದ್ದಪ್ಪ ನೇರ ಬೇಕರಿಗೆ ಬಂದ. ದಾರಿಯಲ್ಲಿ ಅವನ ಬುದ್ಧಿ ಒಂದು ಉಪಾಯ ಹೇಳಿತು. ಅಯ್ಯಂಗಾರರನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದರೆ ಸಾಕಲ್ಲ, ಕೇಕ್ ಮತ್ತೆ ಬರುತ್ತದೆ, ತಾನು ಗೆದ್ದದ್ದು ಗೆದ್ದ ಹಾಗೇ ಉಳಿಯುತ್ತದೆ. ಬೇಕರಿಯ ಮೆಟ್ಟಿಲು ಹತ್ತುವಾಗಲೂ ಆ ಆಸೆ ಇತ್ತು. ಭಾನುವಾರವಾದ್ದರಿಂದ ಜನ ತುಂಬಿದ್ದರು, ಮಂಡಿಯವರೂ ಇದ್ದರು. ಬೋರಯ್ಯನ ಒಂಟಿ ಕೈ ಎದ್ದು ನಿಂತಿದ್ದ ಜಾಗ ಕಣ್ಣಿಗೆ ಬಿತ್ತು. ನಗಿಸಿದ್ದು ಎಲ್ಲರೆದುರು, ಒಪ್ಪಿಕೊಳ್ಳುವುದು ಮಾತ್ರ ಮೂಲೆಯಲ್ಲಿ ಆದೀತೇ ಎನ್ನಿಸಿತು.

ಅವನು ಎಲ್ಲರಿಗೂ ಕೇಳುವಂತೆಯೇ ಹೇಳಿದ. ಕೆಂಪಲಕ್ಷ್ಮಮ್ಮನ ಕಾಯಿಲೆಯ ವಿವರಕ್ಕೆ ಹೋಗಲಿಲ್ಲ, ಅದು ಬೋರಯ್ಯ ಮುಚ್ಚಿಟ್ಟದ್ದು. ಒಬ್ಬರ ಊಟವೇ ಆ ಕೇಕಾಗಿತ್ತು, ನಾನು ತಿಳಿಯದೆ ನಿಲ್ಲಿಸಿಬಿಟ್ಟೆ, ತಪ್ಪು ನನ್ನದು ಎಂದಷ್ಟೇ ಹೇಳಿದ. ಅವತ್ತು ಹೆಚ್ಚು ನಕ್ಕವರು ಈಗ ನೆಲ ನೋಡಿದರು. ಅಯ್ಯಂಗಾರರು ಕೈಯಲ್ಲಿದ್ದ ಟೀ ಲೋಟ ಇಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸಕ್ಕರೆ ಪಾಕ ಕಾಯುವ ವಾಸನೆ ಬಂತು.

ಮರುದಿನ ಬೆಳಿಗ್ಗೆ ಮರುಳಸಿದ್ದಪ್ಪ ತಾನೇ ಪೊಟ್ಟಣ ಹಿಡಿದು ಹೋದ. ಬೋರಯ್ಯ ಕೇಕನ್ನು ಹಾಲಿನಲ್ಲಿ ನೆನೆಸಿ ಕೊಟ್ಟ. ಮೊದಲ ತುತ್ತು ಹೋಯಿತು. ಎರಡನೆಯದೂ ಹೋಯಿತು. ಇಬ್ಬರು ಗಂಡಸರೂ ಉಸಿರು ಹಿಡಿದು ಅವಳ ಕೊರಳನ್ನೇ ನೋಡುತ್ತಿದ್ದರು. ಬಟ್ಟಲು ಅರ್ಧ ಬರಿದಾದ ಮೇಲೆ ಅವಳು ಬಾಯಿ ಒರೆಸಿಕೊಂಡು ಮರುಳಸಿದ್ದಪ್ಪನ ಕಡೆ ತಿರುಗಿದಳು. ಧ್ವನಿ ಗಾಳಿಯಲ್ಲಿ ಒಣಗಿದೆಲೆ ಸರಿದಂತಿತ್ತು. ಅವನು ಬಗ್ಗಿ ಕಿವಿಗೊಟ್ಟ.

"ಅಣ್ಣಾ, ನಾನು ನಿಮ್ಮ ಪಕ್ಷ," ಎಂದಳು.

ಅರ್ಥವಾಗದೆ ಅವನು ಬೋರಯ್ಯನ ಮುಖ ನೋಡಿದ. ಬೋರಯ್ಯನಿಗೂ ಅರ್ಥವಾಗಿರಲಿಲ್ಲ.

ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಕಾಯಿಲೆ ಬೀಳುವ ಮುಂಚೆ ಒಮ್ಮೆ ಬೇರೆ ಊರಿಗೆ ಹೋದಾಗ ಅವಳು ಒಂದು ಡೋನಟ್ ತಿಂದಿದ್ದಳು. ಅದರ ರುಚಿ ಇನ್ನೂ ನಾಲಿಗೆಯಲ್ಲಿದೆ. ಹನಿ ಕೇಕ್ ಗಂಟಲಿಗೆ ಬೇಕು, ಸರಿ. ಆದರೆ ವರ್ಷವಿಡೀ ಅದನ್ನೇ ತಿಂದು ತಿಂದು ಅವಳಿಗೆ ಸಾಕಾಗಿತ್ತು.

ಬೋರಯ್ಯನ ಕೈಯ ಚಮಚ ಬಟ್ಟಲಿಗೆ ಬಿತ್ತು. ಅವನು ಹೆಂಡತಿಯನ್ನು ಹೊಸಬಳನ್ನು ನೋಡಿದಂತೆ ನೋಡಿದ. ಇಡೀ ವರ್ಷ ಯಾವ ರುಚಿಯ ಪರವಾಗಿ ಊರನ್ನೇ ಎದುರು ಹಾಕಿಕೊಂಡಿದ್ದನೋ ಆ ರುಚಿ ಅವಳಿಗೆ ಇಷ್ಟವೇ ಇರಲಿಲ್ಲ. ಇಳಿಯಿತೇ ಎಂದು ದಿನವೂ ಕೇಳಿದ್ದ. ಇಷ್ಟವಾಯಿತೇ ಎಂದು ಒಂದು ದಿನವೂ ಕೇಳಿರಲಿಲ್ಲ.

ಅವಳ ಮಾತು ಮುಗಿದಿರಲಿಲ್ಲ. "ಇವರು ಸಂಜೆ ಬಂದು ನೀವು ಹೇಳಿದ್ದು, ತಾವು ಹೇಳಿದ್ದು, ಎರಡನ್ನೂ ಆಡಿ ತೋರಿಸೋರು. ನಿಮ್ಮ ದನಿ ಮಾಡೋರು. ನನಗೆ ನಗೋಕೆ ಅದೊಂದೇ ಇದ್ದದ್ದು. ಕೇಕ್ ನಿಂತದ್ದಕ್ಕಿಂತ ಅದು ನಿಂತದ್ದು ನನಗೆ ಹೆಚ್ಚು ಕಷ್ಟ ಆಯ್ತು. ಇವರನ್ನ ಕರ್ಕೊಂಡು ಹೋಗಿ ಜಗಳ ಆಡಿ ಅಣ್ಣಾ."

ಮರುಳಸಿದ್ದಪ್ಪ ಆ ದಿನ ಮಂಡಿಯಲ್ಲಿ ಕೂಗಲಿಲ್ಲ.

ಸಂಜೆ ಬೋರಯ್ಯ ಬೇಕರಿಗೆ ಬಂದ. ಬೆಂಚಿನ ಮೇಲೆ ಜನ ಸರಿದು ಜಾಗ ಕೊಟ್ಟರು. ಮರುಳಸಿದ್ದಪ್ಪ ಬಾಯಿ ತೆರೆದ, ಎಲ್ಲರೂ ವಾದ ಶುರುವಾಯಿತು ಅಂದುಕೊಂಡರು. ಆದರೆ ಅವನು ವಸುಂಧರಾ ಮೇಡಂ ಕಡೆ ತಿರುಗಿ, ನಿಮಗೆ ದಿಲ್‌ಪಸಂದ್ ಯಾಕೆ ಇಷ್ಟ ಎಂದು ಕೇಳಿದ. ಇಷ್ಟು ಕಾಲ ಯಾರೂ ಅದನ್ನು ಕೇಳಿರಲಿಲ್ಲ. ಅವರು ತಬ್ಬಿಬ್ಬಾದರು. ಆಮೇಲೆ, ಚಿಕ್ಕಂದಿನಲ್ಲಿ ಅಕ್ಕನೂ ತಾನೂ ಒಂದನ್ನೇ ತಂದು ಸೀಳಿ ಹಂಚಿಕೊಳ್ಳುತ್ತಿದ್ದುದನ್ನೂ, ಈಗ ಆ ಅಕ್ಕ ಇಲ್ಲದಿರುವುದನ್ನೂ ಹೇಳಿದರು. ಜಬೀನಾಳನ್ನೂ ಅವನು ಅಷ್ಟೇ ಗಂಭೀರವಾಗಿ ಕೇಳಿದ. ಅವಳು ಸ್ವಲ್ಪ ಯೋಚಿಸಿ, ರುಚಿಯಾಗಿದೆ ಅದಕ್ಕೇ ತಿಂತೀನಿ, ಇನ್ನೇನು ಎಂದಳು. ಬೇಕರಿ ತುಂಬ ನಗು ಎದ್ದಿತು. ಅದೂ ಕಾರಣವೇ ಎಂದು ಮರುಳಸಿದ್ದಪ್ಪ ಒಪ್ಪಿಕೊಂಡ.

ಆಮೇಲೆ ಬೋರಯ್ಯನೂ ಅವನೂ ಹೊತ್ತು ಮುಳುಗುವವರೆಗೂ ಕಾದಾಡಿದರು. ಮನೆಗೆ ಒಯ್ದು ಹೇಳಲು ಬೋರಯ್ಯನಿಗೆ ಅವತ್ತು ಬೇಕಾದಷ್ಟು ಸಿಕ್ಕಿತ್ತು.

ನೀತಿ: ರುಚಿಗಾಗಿ ಎಷ್ಟಾದರೂ ವಾದ ಮಾಡಿ, ತಪ್ಪಿಲ್ಲ. ಆದರೆ ಇನ್ನೊಬ್ಬರ ಇಷ್ಟವನ್ನು ಸೋಲಿಸುವ ಮೊದಲು ಅದು ಯಾಕೆ ಇಷ್ಟ ಎಂದು ಒಂದು ಮಾತು ಕೇಳಿ. ಎದುರಾಳಿಯನ್ನಷ್ಟೇ ಅಲ್ಲ, ನಿಮ್ಮ ಮನೆಯವರನ್ನೂ ಕೇಳಿ.