ಗೋಡೆಯ ಬಿರುಕು

ನೀಲಮ್ಮನಿಗೆ ಒಬ್ಬನೇ ಮಗ, ಗುರುಶಾಂತ. ಎಂ.ಎ. ಪಾಸಾಗಿದ್ದ. ಆದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಾಲ್ಲೂಕಿನ ಕಾಲೇಜಿನಲ್ಲಿ ಭೂಗೋಳದ ಅತಿಥಿ ಉಪನ್ಯಾಸಕ. ಸಹೋದ್ಯೋಗಿಯೊಬ್ಬರು ಮೂರು ಸಲ ತರಗತಿಯಲ್ಲಿ ಕೂತು ಪಾಠ ನೋಡುತ್ತಾರೆ, ಅವರು ಬರೆದುಕೊಟ್ಟದ್ದರ ಮೇಲೆ ಮುಂದಿನ ವರ್ಷದ ಕೆಲಸ ಎಂದು ಸುತ್ತೋಲೆ ಬಂತು.

"ಬಂದವರಿಗೆ ಚಲೋ ತಿಳಿಯೋ ಹಂಗ ಪಾಠ ಮಾಡಪ್ಪಾ," ಎಂದಳು ಅವ್ವ.

ಅರ್ಥಶಾಸ್ತ್ರದ ಇಂದುಮತಿ ಮೇಡಂ ಬಂದು ಕಡೆಯ ಬೆಂಚಿನಲ್ಲಿ ಕೂತರು. ಗುರುಶಾಂತ ಅವರೆದುರು ನಿಂತು, ಹುಡುಗರಿಗೆ ಬೆನ್ನು ಮಾಡಿ, ಗಂಟೆ ಪೂರ್ತಿ ಅವರೊಬ್ಬರಿಗೇ ಪಾಠ ಮಾಡಿದ. ಐದು ಪ್ರಶ್ನೆ ಕೇಳಿದ. ಮೇಡಂ ಎರಡಕ್ಕೆ ತಪ್ಪು ಉತ್ತರ ಕೊಟ್ಟರು.

"ನಿನಗ ಏನ್ ಹೇಳ್ಲೋ ಯಪ್ಪಾ," ಎಂದಳು ಅವ್ವ. "ಅವರು ಅಲ್ಲಿ ಕುಂತೇ ಇಲ್ಲ ಅಂತ ತಿಳ್ಕೋಬೇಕು."

"ಹಂಗೇ ಆಗ್ಲಿ ಯವ್ವಾ."

ಎರಡನೇ ಸಲ ಹಾಗೇ ತಿಳಿದುಕೊಂಡ. ಗಂಟೆ ಹೊಡೆಯಿತು, ಹುಡುಗರು ಹೋದರು, ಮೇಡಂ ಇನ್ನೂ ಬರೆಯುತ್ತಿದ್ದರು. ಗುರುಶಾಂತ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ ಮನೆಗೆ ಬಂದ. ಜವಾನ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಮೇಡಂ ಅವರ ಊಟದ ಹೊತ್ತು ಮೀರಿತ್ತು.

ಅವ್ವ ಹಣೆ ಗಟ್ಟಿಸಿಕೊಂಡಳು. "ಇನ್ನ ಒಂದೇ ಸಲ ಉಳದೈತಿ. ಮರ್ಯಾದಿಯಿಂದ ಕುರ್ಚಿ ಹಾಕಿ ಕೂಡ್ರಸು. ಯಾರೂ ನೋಡದಾಗ ಹೆಂಗ ಪಾಠ ಮಾಡ್ತೀಯೋ ಹಂಗ ಮಾಡು. ಹಿತ್ತಲದಾಗ ನೀ ಒಬ್ಬನೇ ಪಾಠ ಹೇಳ್ಕೊಳ್ಳೋದು ನಾ ಕೇಳೇನಿ. ಭಾಳ ಚಲೋ ಹೇಳ್ತಿ."

ಮೂರನೇ ಸಲ ಮರ್ಯಾದೆಯಿಂದ ಕುರ್ಚಿ ಹಾಕಿದ, ಗೋಡೆಗೆ ಮುಖ ಮಾಡಿ.

"ಯಾರೂ ನೋಡಬಾರದಂತ್ರೀ ಮೇಡಂ."

ಬೀಗ ಹಾಕಿಸಿಕೊಳ್ಳುವುದಕ್ಕಿಂತ ವಾಸಿ ಎಂದು ಮೇಡಂ ಕೂತರು.

ಅಂದು ಅವನು ನದಿಗೆ ಹೇಗೆ ವಯಸ್ಸಾಗುತ್ತದೆ ಎಂದು ಹೇಳಿದ. ಬೆಟ್ಟದಲ್ಲಿ ಕಲ್ಲು ಒಡೆಯುವ ನೀರು, ಬಯಲಿಗೆ ಬಂದ ಮೇಲೆ, ಹೊತ್ತು ತಂದದ್ದನ್ನೆಲ್ಲ ದಾರಿಯುದ್ದಕ್ಕೂ ಇಳಿಸುತ್ತಾ ಹೋಗುತ್ತದಂತೆ. ಗಂಟೆ ಹೊಡೆದರೂ ಒಬ್ಬ ಹುಡುಗನೂ ಏಳಲಿಲ್ಲ. ಗೋಡೆಯ ಕಡೆಯಿಂದ ಮೇಡಂ ಮೂಗು ಒರೆಸಿಕೊಂಡ ಸದ್ದು ಬಂತು.

ಆದರೆ ಮೇಡಂ ತುಂಬಿಕೊಡಬೇಕಾದ ವರದಿ ನಮೂನೆಯ ತಲೆಯ ಮೇಲೆ 'ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ' ಎಂದಿತ್ತು. ಮೇಡಂ ಇಪ್ಪತ್ತೆಂಟು ವರ್ಷ ಯಾವ ನಿಯಮವನ್ನೂ ಮೀರಿದವರಲ್ಲ. ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, ಕಡೆಗೆ ಬರೆದರು: 'ಗೋಡೆ. ಎಡಗಡೆ ಒಂದು ಬಿರುಕು.'

ಕೆಲಸ ಹೋಯಿತು. ಅವ್ವ ಈ ಸಲ ಬೈಯಲಿಲ್ಲ. ಅವನ ಕೈಯಲ್ಲಿದ್ದ ನಮೂನೆಯನ್ನು ಓದಿಸಿ ಕೇಳುವ ಧೈರ್ಯವೂ ಅವಳಿಗಾಗಲಿಲ್ಲ.

"ಏನ್ ತಪ್ಪು ಬರದಾರೋ ಅದನ್ನ ಸರಿ ಮಾಡ್ಕೋಪಾ," ಎಂದಳು. "ಮುಂದ ಯಾರಾದ್ರೂ ಕರದಾರು."

ಮರುದಿನ ಬೆಳಿಗ್ಗೆ ಇಂದುಮತಿ ಮೇಡಂ ಆ ಕೋಣೆಗೆ ಬಂದಾಗ ಗುರುಶಾಂತ ಸ್ಟೂಲಿನ ಮೇಲೆ ನಿಂತು ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದ. ಇಳಿದು, ಕೈ ಒರೆಸಿಕೊಂಡು, ಕುರ್ಚಿಯನ್ನು ಗೋಡೆಯೆದುರು ಎಳೆದು ಹಾಕಿದ.

"ಮುಗೀತ್ರೀ ಮೇಡಂ," ಎಂದ. "ಈಗ ನೋಡಿ ಬರೀರಿ."