ಅರಿಶಿನ ಹತ್ತಿದ ನೊಗ

"ವಿದ್ಯಾರ್ಥಿನಿಲಯದ ದಿನಚರಿಯನ್ನು ಮತ್ತೆ ಮತ್ತೆ ತಿದ್ದಿದ್ದೇನೆ, ಬುದ್ಧಿ. ಆದರೂ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುತ್ತಲೇ ಇದ್ದಾರೆ. ಹೀಗೇ ಆದರೆ ನಿಲಯ ಮುಚ್ಚಬೇಕಾಗುತ್ತದೆ. ಇನ್ನೇನು ತಿದ್ದಲಿ?" ಎಂದು ಶಿಷ್ಯ ಕೇಳಿದ. ಮಠದ ನಿಲಯದ ಹೊಣೆ ಅವನದಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಬಡಗಿಗಳ ಕಾರ್ಖಾನೆ ಇತ್ತು. ನೊಗಕ್ಕೆ ಹೆಸರುವಾಸಿ. ಅವರ ಹಿರಿಯರು ಮಾಡಿದ ನೊಗವೊಂದನ್ನು ಗೋಡೆಗೆ ತೂಗುಹಾಕಿದ್ದರು. ಆಯುಧಪೂಜೆಗೆ ಅದಕ್ಕೆ ಹೂವು, ಕುಂಕುಮ. ಹೊಸ ನೊಗಕ್ಕೆಲ್ಲ ಅದರದೇ ಅಳತೆ. ಅಳತೆ ತಪ್ಪಿರಬಹುದೆಂದು ನೆನೆಸುವುದಕ್ಕೂ ಅವರಿಗೆ ಭಯ.

ಒಬ್ಬ ರೈತ ಬಂದು, ನಿಮ್ಮ ನೊಗದಿಂದ ನನ್ನ ಎತ್ತಿನ ಹೆಗಲು ಹುಣ್ಣಾಗಿದೆ ಎಂದ. ಹಿರಿಯ ಬಡಗಿ ಒಳ್ಳೆಯ ಮರದಲ್ಲಿ ಬೇರೆ ನೊಗ ಮಾಡಿಕೊಟ್ಟ. ಹುಣ್ಣು ಮಾಯಲಿಲ್ಲ. ಇನ್ನೂ ನುಣ್ಣಗೆ ಉಜ್ಜಿ ಇನ್ನೊಂದು ಕೊಟ್ಟ. ಅದೂ ಅಷ್ಟೇ. ಆಮೇಲೆ, ಪಾಪ, ಹಿತ್ತಾಳೆಯ ಕಟ್ಟು ಹಾಕಿಸಿದ. ಎತ್ತು ಹಿತ್ತಾಳೆ ಕೇಳಿರಲಿಲ್ಲ.

ಬಿತ್ತನೆ ಹತ್ತಿರ ಬಂತು. ರೈತ ನೊಗವನ್ನು ಹಿಂದಕ್ಕೆ ತಂದಿಟ್ಟ.

"ಬೇಡ ಬಿಡಪ್ಪ. ನಾಳೆ ಎತ್ತನ್ನ ಸಂತೆಗೆ ಹೊಡ್ಕೊಂಡು ಹೋಗ್ತೀನಿ. ಮನೇಲೇ ಹುಟ್ಟಿದ ಕರು ಅದು," ಎಂದ. ಅವನ ಕಣ್ಣು ತುಂಬಿತ್ತು.

ಬಡಗಿಗೆ ನಾಚಿಕೆಯಾಯಿತು. ಬಾಚಿಯನ್ನೂ ಆ ನೊಗವನ್ನೂ ತೆಗೆದುಕೊಂಡು ರೈತನ ಹಿಂದೆಯೇ ಹೊಲಕ್ಕೆ ಹೋದ. ಅಷ್ಟು ವರ್ಷ ನೊಗ ಮಾಡಿದವನು ಎತ್ತಿನ ಹೆಗಲನ್ನು ಹತ್ತಿರದಿಂದ ನೋಡಿದ್ದು ಅಂದೇ. ರೈತನ ಹೆಂಡತಿ ಹುಣ್ಣಿಗೆ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದ್ದಳು. ನೇಗಿಲು ಕಟ್ಟದೆ, ಬರೀ ನೊಗವಿಟ್ಟು ಎತ್ತುಗಳನ್ನು ನಾಲ್ಕು ಹೆಜ್ಜೆ ನಡೆಸಿದರು. ಇಳಿಸಿ ನೋಡಿದರೆ ಮರದ ಒಂದು ಕಡೆ ಅರಿಶಿನ ಹತ್ತಿತ್ತು. ಉಜ್ಜುತ್ತಿದ್ದುದು ಅಲ್ಲೇ. ಬಡಗಿ ಅಷ್ಟನ್ನು ಕೆತ್ತಿದ. ಮತ್ತೆ ಇಟ್ಟರು, ಅರಿಶಿನ ಇನ್ನೊಂದು ಕಡೆ ಹತ್ತಿತು. ಅದನ್ನೂ ಕೆತ್ತಿದ. ಒಮ್ಮೆ ಹೆಚ್ಚಾಗಿ ಕೆತ್ತಿ ನೊಗವೇ ಹಾಳಾಯಿತು. ಹೋಗಿ ಬೇರೆ ಮರ ತಂದ. ಸಂಜೆಯ ಹೊತ್ತಿಗೆ ಆ ಹೊಸ ನೊಗ ನೋಡಲು ಅಂದಗೇಡಿಯಾಗಿತ್ತು. ಆದರೆ ಅದಕ್ಕೆ ಅರಿಶಿನ ಹತ್ತಲಿಲ್ಲ. ಎತ್ತು ಸಂತೆಗೆ ಹೋಗಲಿಲ್ಲ.

ಹಳೆಯ ನೊಗ ಇಂದಿಗೂ ಗೋಡೆಯ ಮೇಲಿದೆ, ಪೂಜೆಯೂ ಆಗುತ್ತದೆ. ಅಳತೆ ಮಾತ್ರ ಹೊಲದಿಂದ ಬರುತ್ತದೆ.

ಶಿಷ್ಯನಿಗೆ ಉತ್ಸಾಹ ಬಂತು. ಹಾಗಾದರೆ ಈಗಲೇ ಹೋಗಿ ದಿನಚರಿಯನ್ನು ಇನ್ನೊಮ್ಮೆ ತಿದ್ದುತ್ತೇನೆಂದು ಎದ್ದ.

"ಇಷ್ಟು ಸಲ ತಿದ್ದಿದೆಯಲ್ಲ," ಎಂದರು ಗುರುಗಳು, "ಎಲ್ಲಿ ಕೂತು ತಿದ್ದಿದೆ?"

ತನ್ನ ಕೋಣೆಯ ಕಡೆ ಹೊರಟಿದ್ದ ಶಿಷ್ಯ ತಿರುಗಿ, ಮಕ್ಕಳಿದ್ದ ನಿಲಯದ ಕಡೆ ನಡೆದ.